ಶುಕ್ರಕ್ಕೂ ಕಾಂತಕ್ಷೇತ್ರ ಇಲ್ಲ, ಆದರೂ ಅದರ ಗಾಳಿ ಯಾಕೆ ಹಾರಿಹೋಗಿಲ್ಲ?

ಪ್ರಶ್ನೆ: ನಾನು ಸಿರಸಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಭೂಮಿಯ ಕಾಂತಕ್ಷೇತ್ರ ಸೌರಮಾರುತವನ್ನು ತಡೆಯುತ್ತದೆ, ಅದಕ್ಕೇ ನಮ್ಮ ಗಾಳಿ ಉಳಿದಿದೆ. ಮಂಗಳದ ಕಾಂತಕ್ಷೇತ್ರ ಹೋಯಿತು, ಅದರ ಗಾಳಿಯೂ ಹೋಯಿತು ಅಂತ ಪಾಠ ಮಾಡಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, "ಸರ್, ಶುಕ್ರಕ್ಕೂ ಕಾಂತಕ್ಷೇತ್ರ ಇಲ್ಲ, ಅದು ಸೂರ್ಯನಿಗೆ ಇನ್ನೂ ಹತ್ತಿರ. ಆದರೂ ಅಲ್ಲಿ ಗಾಳಿಯ ಒತ್ತಡ ನಮಗಿಂತ 90 ಪಟ್ಟು ಜಾಸ್ತಿ ಇದೆಯಲ್ಲ?" ಅಂದಳು. ನನಗೆ ಉತ್ತರ ಕೊಡಲಾಗಲಿಲ್ಲ. ಸೌರಮಾರುತ ನಿಜಕ್ಕೂ ಗ್ರಹದ ಮೇಲ್ವಾತಾವರಣಕ್ಕೆ ಏನು ಮಾಡುತ್ತದೆ? ಮಂಗಳಕ್ಕೆ ಕೃತಕ ಕಾಂತಕ್ಷೇತ್ರ ಕೊಟ್ಟರೆ ಗಾಳಿ ಮತ್ತೆ ತುಂಬಿಕೊಳ್ಳುತ್ತದಾ?

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಅವಳು ಕೇಳಿದ್ದು ಸಣ್ಣ ಅನುಮಾನ ಅಲ್ಲ. ಗ್ರಹಗಳ ವಾತಾವರಣ ಓದುವವರು ಇದೇ ಪ್ರಶ್ನೆಯ ಸುತ್ತ ವರ್ಷಗಟ್ಟಲೆ ವಾದ ಮಾಡಿದ್ದಾರೆ, ಈಗಲೂ ಮಾಡುತ್ತಿದ್ದಾರೆ.

ನೇರವಾಗಿ ಹೇಳಿಬಿಡುತ್ತೇನೆ. ಸೌರಮಾರುತ ಗ್ರಹದ ಮೇಲ್ಪದರದಿಂದ ಗಾಳಿ ಕೀಳುವುದು ನಿಜ. ಆದರೆ ಗಾಳಿ ಉಳಿಯುತ್ತದೋ ಹೋಗುತ್ತದೋ ಅನ್ನುವುದರಲ್ಲಿ ಮೊದಲ ಮಾತು ಗುರುತ್ವದ್ದು. ಆಮೇಲೆ ಬರುವುದು ಸೂರ್ಯನ ಅತಿನೇರಳೆ ಬೆಳಕು. ಅದರ ಜೊತೆಗೆ, ಗ್ರಹದ ಒಡಲಿನಿಂದ ಎಷ್ಟು ಅನಿಲ ಹೊರಗೆ ಬಂತು, ಅದರಲ್ಲಿ ಎಷ್ಟು ವಾಪಸ್ ಕಲ್ಲಿಗೆ ಸೇರಿತು ಅನ್ನುವ ಲೆಕ್ಕವೂ ಇದೆ. ಕಾಂತಕ್ಷೇತ್ರ ಗಾಳಿ ಹೋಗುವ ದಾರಿಯನ್ನು ಬದಲಿಸುತ್ತದೆ. ಹೋಗುವುದನ್ನು ನಿಲ್ಲಿಸುವುದಿಲ್ಲ. ನಮ್ಮ ಭೂಮಿಯಿಂದಲೂ ಈ ಹೊತ್ತಿನಲ್ಲಿ ಗಾಳಿ ಹೋಗುತ್ತಲೇ ಇದೆ.

ಈಗ ಸೌರಮಾರುತ ಅಂದರೆ ಏನು ಅನ್ನುವುದನ್ನು ನೋಡೋಣ. ಸೂರ್ಯನ ಹೊರ ಪದರವಾದ ಕರೋನಾ 10 ಲಕ್ಷ ಡಿಗ್ರಿಗಿಂತ ಜಾಸ್ತಿ ಬಿಸಿ. ಅಷ್ಟು ಬಿಸಿಯಾದ ಅನಿಲವನ್ನು ಸೂರ್ಯನ ಗುರುತ್ವಕ್ಕೂ ಪೂರ್ತಿ ಹಿಡಿದಿಡಲು ಆಗುವುದಿಲ್ಲ. ಅದು ಎಲ್ಲ ದಿಕ್ಕಿಗೂ ಹರಿದು ಹೋಗುತ್ತಲೇ ಇರಬೇಕು ಅಂತ ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಗ ಬಹಳ ಜನ ನಂಬಲಿಲ್ಲ. 1962ರಲ್ಲಿ ಶುಕ್ರದ ಕಡೆ ಹೊರಟ ಮ್ಯಾರಿನರ್-2 ನೌಕೆ ದಾರಿಯುದ್ದಕ್ಕೂ ಆ ಹರಿವನ್ನು ಅಳೆದ ಮೇಲೆ ಅನುಮಾನ ಉಳಿಯಲಿಲ್ಲ. ಹರಿಯುವುದು ಹೆಚ್ಚಾಗಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್, ಜೊತೆಗೆ ಸ್ವಲ್ಪ ಹೀಲಿಯಂ. ವೇಗ ಸೆಕೆಂಡಿಗೆ 300ರಿಂದ 800 ಕಿಲೋಮೀಟರ್. ಸೂರ್ಯನಿಂದ ನಮ್ಮಲ್ಲಿಗೆ ಬರಲು ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು.

ಹೆಸರು ಕೇಳಿದರೆ ಬಿರುಗಾಳಿ ಅನ್ನಿಸುತ್ತದೆ, ಅಲ್ವಾ? ಆದರೆ ಭೂಮಿಯ ಹತ್ತಿರ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ಐದು ಪ್ರೋಟಾನ್ ಇರುತ್ತವೆ, ಅಷ್ಟೆ. ಅದು ತಳ್ಳುವ ಒತ್ತಡ ನಮ್ಮ ನೆಲಮಟ್ಟದ ಗಾಳಿಯ ಒತ್ತಡದ ಹತ್ತಾರು ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಂಥದ್ದು ಬಂದು ಗ್ರಹದ ಗಾಳಿಯನ್ನು ಸುಮ್ನೆ ಊದಿ ಹಾರಿಸಿಬಿಡಲು ಸಾಧ್ಯವೇ ಇಲ್ಲ. ವಿಡಿಯೋಗಳಲ್ಲಿ ತೋರಿಸುವ ಆ ಚಿತ್ರವನ್ನು ಮಕ್ಕಳ ತಲೆಯಿಂದ ಮೊದಲು ತೆಗೆಯಬೇಕು. ಸೌರಮಾರುತದ ಬಲ ಇರುವುದು ಅದರ ವಿದ್ಯುತ್ತಿನಲ್ಲಿ, ಅದು ಹೊತ್ತು ತರುವ ಸೂರ್ಯನ ಕಾಂತಕ್ಷೇತ್ರದಲ್ಲಿ. ಹಾಗಾಗಿ ಅದು ವಿದ್ಯುದಂಶ ಇರುವ ಕಣಗಳನ್ನು ಮಾತ್ರ ನೇರವಾಗಿ ಹಿಡಿಯಬಲ್ಲದು. ವಿದ್ಯುದಂಶ ಇಲ್ಲದ ಮಾಮೂಲಿ ಪರಮಾಣು ಅದರ ಕೈಗೆ ಸುಲಭವಾಗಿ ಸಿಗುವುದಿಲ್ಲ.

ಹಾಗಾದರೆ ಗಾಳಿಯ ಕಣಗಳಿಗೆ ವಿದ್ಯುದಂಶ ಎಲ್ಲಿಂದ ಬರುತ್ತದೆ? ಬೆಳಕಿನಿಂದ. ಸೂರ್ಯನ ಅತಿನೇರಳೆ ಕಿರಣಗಳು ಮೇಲ್ಪದರದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅಯಾನುಗಳನ್ನು ಮಾಡುತ್ತವೆ. ಹೀಗಾಗುವ ಪದರವೇ ಅಯಾನುಗೋಳ. ಬೆಳಕಿಗೆ ಕಾಂತಕ್ಷೇತ್ರ ಅಡ್ಡ ಬರುವುದಿಲ್ಲ. ಭೂಮಿ, ಶುಕ್ರ, ಮಂಗಳ ಮೂರರ ಮೇಲೂ ಅದು ಬೀಳುತ್ತದೆ. ಸೌರಮಾರುತ ಮತ್ತು ಸೂರ್ಯನ ಬೆಳಕು ಎರಡೂ ಬೇರೆ ಬೇರೆ ಅನ್ನುವುದನ್ನು ಮರೆತಾಗಲೇ ಈ ವಿಷಯದಲ್ಲಿ ಗೊಂದಲ ಶುರುವಾಗುವುದು.

ಇನ್ನೊಂದು ಮಾತು. ಗ್ರಹ ಬಿಟ್ಟು ಹೋಗುವ ಕಣ ಹೊರಡುವುದು ತೀರಾ ಮೇಲಿನ ಪದರದಿಂದ. ಮಂಗಳ ಮತ್ತು ಶುಕ್ರದಲ್ಲಿ ನೆಲದಿಂದ ಸುಮಾರು 200 ಕಿಲೋಮೀಟರ್ ಎತ್ತರ, ಭೂಮಿಯಲ್ಲಿ ಸುಮಾರು 500 ಕಿಲೋಮೀಟರ್ ಅಥವಾ ಅದಕ್ಕೂ ಮೇಲೆ. ಅದಕ್ಕಿಂತ ಕೆಳಗೆ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ, ಯಾವುದೂ ದೂರ ಹೋಗಲಾಗದು. ಅಲ್ಲಿಂದ ಮೇಲೆ ಡಿಕ್ಕಿ ಬಹಳ ಅಪರೂಪ. ಮೇಲ್ಮುಖವಾಗಿ ಸಾಕಷ್ಟು ವೇಗ ಸಿಕ್ಕಿದ ಕಣ ಹೋಗಿಯೇ ಬಿಡುತ್ತದೆ. ಎಷ್ಟು ವೇಗ ಬೇಕು? ಮಂಗಳದಿಂದ ಸೆಕೆಂಡಿಗೆ 5 ಕಿಲೋಮೀಟರ್. ಶುಕ್ರದಿಂದ 10.4. ಭೂಮಿಯಿಂದ 11.2. ಈ ಮೂರು ಸಂಖ್ಯೆಗಳನ್ನು ಬೋರ್ಡಿನ ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಅವಳ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ.

ಮಂಗಳದಿಂದ ಶುರು ಮಾಡೋಣ. ನಾಸಾದ ಮಾವೆನ್ ನೌಕೆ ಹೋಗಿದ್ದೇ ಈ ಪ್ರಶ್ನೆಗಾಗಿ. 2014ರ ಸೆಪ್ಟೆಂಬರಿನಲ್ಲಿ, ನಮ್ಮ ಮಂಗಳಯಾನಕ್ಕಿಂತ ಎರಡು ಮೂರು ದಿನ ಮೊದಲು, ಅದು ಮಂಗಳದ ಕಕ್ಷೆ ಸೇರಿತು. ಮಂಗಳಕ್ಕೆ ಸುಮಾರು 400 ಕೋಟಿ ವರ್ಷಗಳ ಹಿಂದೆ ತನ್ನದೇ ಕಾಂತಕ್ಷೇತ್ರ ಇತ್ತು. ಅದನ್ನು ಹುಟ್ಟಿಸುತ್ತಿದ್ದ ಗ್ರಹದ ಒಳಗಿನ ಡೈನಮೋ ಈಗ ನಿಂತುಹೋಗಿದೆ. ದಕ್ಷಿಣದ ಎತ್ತರದ ಪ್ರದೇಶದ ಹಳೆಯ ಕಲ್ಲುಗಳಲ್ಲಿ ಮಾತ್ರ ಕಾಂತತ್ವ ಉಳಿದುಕೊಂಡಿದೆ. ಇದನ್ನು ಕಂಡುಹಿಡಿದದ್ದು 1997ರಲ್ಲಿ ಅಲ್ಲಿಗೆ ತಲುಪಿದ ಮಾರ್ಸ್ ಗ್ಲೋಬಲ್ ಸರ್ವೇಯರ್.

ಕಾಂತಕ್ಷೇತ್ರ ಇಲ್ಲ ಅಂದ ಮಾತ್ರಕ್ಕೆ ಸೌರಮಾರುತ ನೇರ ನೆಲಕ್ಕೆ ಬಂದು ಬಡಿಯುವುದಿಲ್ಲ. ಮಂಗಳದ ಅಯಾನುಗೋಳದಲ್ಲಿ ವಿದ್ಯುತ್ ಹರಿಯಬಲ್ಲದು. ಸೌರಮಾರುತ ತರುವ ಕಾಂತಕ್ಷೇತ್ರ ಹತ್ತಿರ ಬಂದಾಗ ಅಲ್ಲಿ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹದಿಂದಾಗಿ ಸೂರ್ಯನ ಕಾಂತರೇಖೆಗಳು ಗ್ರಹದ ಮುಂದೆ ಒತ್ತಿಕೊಂಡು, ಅದನ್ನು ಸುತ್ತುವರಿದು ಹಿಂದಕ್ಕೆ ಬಾಗುತ್ತವೆ. ಹೀಗೆ ಗ್ರಹದ ಸುತ್ತ ಒಂದು ಪ್ರೇರಿತ ಕಾಂತಗೋಳ, ಅಂದರೆ ಹೊರಗಿನ ಕಾಂತಕ್ಷೇತ್ರದಿಂದ ಹುಟ್ಟಿದ ಕಾಂತದ ಹೊದಿಕೆ, ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಶುಕ್ರದಲ್ಲಿ ಆಗುವುದೂ ಇದೇ. ಅಂದರೆ "ರಕ್ಷಣೆಯೇ ಇಲ್ಲ" ಅನ್ನುವುದು ಎರಡು ಗ್ರಹಗಳ ವಿಷಯದಲ್ಲೂ ಸರಿಯಲ್ಲ. ಭೂಮಿಯ ಕಾಂತಗೋಳ ಸೂರ್ಯನ ಕಡೆಗೆ 60,000 ಕಿಲೋಮೀಟರಿಗಿಂತ ದೂರ ಚಾಚಿದ್ದರೆ, ಇವುಗಳದ್ದು ವಾತಾವರಣಕ್ಕೆ ಅಂಟಿಕೊಂಡಷ್ಟು ಹತ್ತಿರ.

ಆದರೆ ಮಂಗಳದ ಗುರುತ್ವ ಕಡಿಮೆ. ಅದರ ತೆಳು ಹೊರಗಾಳಿ ಬಹಳ ದೂರ ಹಬ್ಬಿದೆ, ಪ್ರೇರಿತ ಕಾಂತಗೋಳದ ಆಚೆಗೂ. ಅಲ್ಲಿನ ಆಮ್ಲಜನಕದ ಪರಮಾಣುವೊಂದು ಬೆಳಕು ಬಿದ್ದು ಅಯಾನು ಆಯಿತು ಅಂದುಕೊಳ್ಳಿ. ಆ ಕ್ಷಣದಿಂದ ಅದು ಸೌರಮಾರುತದ ವಶ. ಚಲಿಸುವ ಕಾಂತಕ್ಷೇತ್ರದಿಂದ ಹುಟ್ಟುವ ವಿದ್ಯುತ್ ಕ್ಷೇತ್ರ ಅದನ್ನು ಎಳೆದುಕೊಳ್ಳುತ್ತದೆ. ಆ ಅಯಾನು ಸುತ್ತುವ ವೃತ್ತ ಮಂಗಳಕ್ಕಿಂತ ದೊಡ್ಡದು, ಹಾಗಾಗಿ ಬಹುಪಾಲು ವಾಪಸ್ ಬರುವುದೇ ಇಲ್ಲ. ಮಾವೆನ್ ನೋಡಿದ ಪ್ರಕಾರ ಹೊರಹೋಗುವ ಅಯಾನುಗಳಲ್ಲಿ ಸುಮಾರು ಮುಕ್ಕಾಲು ಪಾಲು ಗ್ರಹದ ಹಿಂದಿನ ಬಾಲದ ಕಡೆಯಿಂದ ಹೋಗುತ್ತವೆ. ಕಾಲು ಪಾಲಿನಷ್ಟು ಒಂದು ಧ್ರುವದ ಮೇಲಿಂದ ಎದ್ದು ಹೋಗುತ್ತವೆ.

ಕೆಲವು ಅಯಾನುಗಳು ಮಾತ್ರ ಸುತ್ತಿ ಬಂದು ಮಂಗಳದ ಮೇಲೇ ಬೀಳುತ್ತವೆ, ಅದೂ ಭಾರೀ ವೇಗದಲ್ಲಿ. ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಹೊಡೆದಾಗ ಕಾಯಿಗಳು ಚದುರಿ ಒಂದೆರಡು ಪಾಕೆಟ್ಟಿಗೆ ಬೀಳುತ್ತವಲ್ಲ, ಹಾಗೆ ಆ ಅಯಾನು ಬಡಿದ ಕಡೆ ಮಾಮೂಲಿ ಪರಮಾಣುಗಳು ಚದುರಿ ಕೆಲವು ಗ್ರಹ ಬಿಟ್ಟೇ ಹೋಗುತ್ತವೆ. ಇದಕ್ಕೆ ಸ್ಪಟರಿಂಗ್ ಅನ್ನುತ್ತಾರೆ. ವಿದ್ಯುದಂಶ ಇಲ್ಲದ, ರಾಸಾಯನಿಕವಾಗಿ ಯಾವುದಕ್ಕೂ ಸೇರದ ಪರಮಾಣುವನ್ನೂ ಹೊರದೂಡುವ ದಾರಿ ಇದು. ಇದರ ಮಹತ್ವ ಇನ್ನು ಸ್ವಲ್ಪದರಲ್ಲಿ ಗೊತ್ತಾಗುತ್ತದೆ.

2015ರಲ್ಲಿ ಮಾವೆನ್ ತಂಡ ಒಂದು ಸಂಖ್ಯೆ ಪ್ರಕಟಿಸಿತು. ಸೌರಮಾರುತ ಮಂಗಳದಿಂದ ಸೆಕೆಂಡಿಗೆ ಸುಮಾರು 100 ಗ್ರಾಂ ಗಾಳಿ ಒಯ್ಯುತ್ತಿದೆ ಅಂತ. ಈ ಸಂಖ್ಯೆ ಎಲ್ಲ ಕಡೆ ಓಡಾಡಿತು, ಆದರೆ ಅದನ್ನು ಇಟ್ಟುಕೊಂಡು ಮುಂದೆ ಲೆಕ್ಕ ಹಾಕಿದವರು ಕಡಿಮೆ. ತರಗತಿಯಲ್ಲಿ ಹಾಕಿಸಿ, ಮಕ್ಕಳಿಗೆ ಖುಷಿಯಾಗುತ್ತದೆ. 400 ಕೋಟಿ ವರ್ಷ ಅಂದರೆ ಸೆಕೆಂಡಿನಲ್ಲಿ 1.26 ಗುಣಿಸು 10ರ 17ನೇ ಘಾತ. ಸೆಕೆಂಡಿಗೆ 0.1 ಕಿಲೋ ಅಂದರೆ ಒಟ್ಟು 1.26 ಗುಣಿಸು 10ರ 16ನೇ ಘಾತ ಕಿಲೋ. ಈಗ ಮಂಗಳದಲ್ಲಿ ಉಳಿದಿರುವ ತೆಳು ಗಾಳಿಯ ತೂಕವೇ 2.5 ಗುಣಿಸು 10ರ 16ನೇ ಘಾತ ಕಿಲೋ. ಅಂದರೆ ಇವತ್ತಿನ ವೇಗದಲ್ಲಿ 400 ಕೋಟಿ ವರ್ಷ ಒಯ್ದರೂ, ಹೋಗುವುದು ಈಗ ಇರುವ ಗಾಳಿಯ ಸುಮಾರು ಅರ್ಧದಷ್ಟು ಮಾತ್ರ. ಮಂಗಳದ ಒತ್ತಡ ನಮ್ಮದರ 100ರಲ್ಲಿ ಒಂದು ಪಾಲಿಗಿಂತ ಕಡಿಮೆ ಅನ್ನುವುದು ನೆನಪಿರಲಿ. ನದಿ ಹರಿಸುವಷ್ಟು ದಪ್ಪ ಗಾಳಿ ಇದ್ದ ಗ್ರಹ ಈ ಗತಿಗೆ ಬರಲು 100 ಗ್ರಾಂ ಎಲ್ಲಿಗೂ ಸಾಲದು.

ಸಾಲುವ ಕಾರಣ ಎರಡು ಕಡೆ ಇದೆ. ಒಂದು, ಆ ಕಾಲದ ಸೂರ್ಯ. ಹರೆಯದ ಸೂರ್ಯ ಬರಿಗಣ್ಣಿಗೆ ಈಗಿನಷ್ಟು ಪ್ರಕಾಶಮಾನ ಆಗಿರಲಿಲ್ಲ, ಆದರೆ ಅದರ ಅತಿನೇರಳೆ ಮತ್ತು ಎಕ್ಸ್ ಕಿರಣಗಳು ಹತ್ತಾರು ಪಟ್ಟು ಜಾಸ್ತಿ ಇದ್ದವು. ಸೌರಮಾರುತವೂ ಜೋರಾಗಿತ್ತು, ಸಿಡಿತಗಳೂ ಹೆಚ್ಚು. 2015ರ ಮಾರ್ಚಿನಲ್ಲಿ ಒಂದು ಸೌರ ಸಿಡಿತ ಮಂಗಳಕ್ಕೆ ಬಡಿದಾಗ ಹೊರಹೋಗುವ ಅಯಾನುಗಳು ಒಮ್ಮೆಲೇ ಹೆಚ್ಚಾದದ್ದನ್ನು ಮಾವೆನ್ ನೇರವಾಗಿ ಕಂಡಿತು. ಆರಂಭದ ಕಾಲದಲ್ಲಿ ಅಂಥ ದಿನಗಳು ಮಾಮೂಲಿ ಆಗಿದ್ದಿರಬೇಕು.

ಎರಡನೆಯದು ಸೌರಮಾರುತದ ಕೆಲಸವೇ ಅಲ್ಲ. ಪಾಠಗಳಲ್ಲಿ ಬಿಟ್ಟುಹೋಗುವುದು ಇದೇ, ನನಗೆ ಅತಿ ಮುಖ್ಯ ಅನ್ನಿಸುವುದೂ ಇದೇ. ಮಂಗಳದ ಅಯಾನುಗೋಳದಲ್ಲಿ ಜಾಸ್ತಿ ಇರುವುದು ಆಮ್ಲಜನಕದ ಅಣುವಿನ ಅಯಾನು, ಅಂದರೆ ಎರಡು ಆಮ್ಲಜನಕ ಸೇರಿ ಒಂದು ಎಲೆಕ್ಟ್ರಾನ್ ಕಳೆದುಕೊಂಡಿರುವುದು. ಅದಕ್ಕೆ ಎಲೆಕ್ಟ್ರಾನ್ ವಾಪಸ್ ಸಿಕ್ಕಿದಾಗ ಅಣು ಸಿಡಿದು ಎರಡು ಪರಮಾಣುಗಳು ಎದುರು ಬದುರು ದಿಕ್ಕಿಗೆ ಹಾರುತ್ತವೆ. ಒಂದೊಂದಕ್ಕೆ ಸಿಗುವ ವೇಗ ಹೆಚ್ಚೆಂದರೆ ಸೆಕೆಂಡಿಗೆ 6.5 ಕಿಲೋಮೀಟರಿನ ಹತ್ತಿರ. ಈಗ ಬೋರ್ಡಿನ ಮೂಲೆಯ ಸಂಖ್ಯೆಗಳನ್ನು ನೋಡಿ. ಮಂಗಳಕ್ಕೆ 5 ಸಾಕು. ಮೇಲ್ಮುಖವಾಗಿ ಹಾರಿದ್ದು ಹೋಗಿಯೇ ಹೋಯಿತು. ಶುಕ್ರಕ್ಕೆ 10.4 ಬೇಕು. ಅದೇ ಸಿಡಿತ ಅಲ್ಲೂ ಆಗುತ್ತದೆ, ಆದರೆ ಪರಮಾಣು ಮೇಲೆ ಹೋಗಿ ಮತ್ತೆ ಕೆಳಗೆ ಬೀಳುತ್ತದೆ. ಒಂದೇ ಬೆಳಕು, ಒಂದೇ ರಸಾಯನ, ಒಂದೇ ಪರಮಾಣು. ವ್ಯತ್ಯಾಸ ಗುರುತ್ವದ್ದು ಮಾತ್ರ. ಇವತ್ತು ಮಂಗಳದಿಂದ ಆಮ್ಲಜನಕ ಈ ದಾರಿಯಲ್ಲಿ ಹೋಗುವುದು ಸೌರಮಾರುತ ಹೊತ್ತೊಯ್ಯುವುದಕ್ಕಿಂತ ಸುಮಾರು 10 ಪಟ್ಟು ಜಾಸ್ತಿ. ಇದರ ಜೊತೆಗೆ ಜಲಜನಕ ಬರೀ ಬಿಸಿಯಿಂದಲೇ ಹಾರಿಹೋಗುತ್ತದೆ. ಎಲ್ಲ ಸೇರಿದರೆ ಸೆಕೆಂಡಿಗೆ 2-3 ಕಿಲೋ ಆಗುತ್ತದೆ ಅಂತ 2018ರಲ್ಲಿ ಮಾವೆನ್ ತಂಡ ಲೆಕ್ಕ ಕೊಟ್ಟಿತು. ಹರೆಯದ ಸೂರ್ಯನ ಬೆಳಕಿಗೆ ಹೊಂದಿಸಿ ಹಿಂದಕ್ಕೆ ಲೆಕ್ಕ ಹಾಕಿದರೆ, ಭೂಮಿಯ ಗಾಳಿಯೊತ್ತಡದ ಅರ್ಧದಷ್ಟು ಅಥವಾ ಅದಕ್ಕೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೋಗಿರಬಹುದು.

ನಿಜಕ್ಕೂ ಹೋಯಿತು ಅನ್ನುವುದಕ್ಕೆ ಸಾಕ್ಷಿ? ಆರ್ಗಾನ್. ಅದು ಯಾರ ಜೊತೆಗೂ ಸೇರದ ಅನಿಲ. ಕಲ್ಲಿಗೆ ಸೇರುವುದಿಲ್ಲ, ನೀರಿಗೆ ಸೇರುವುದಿಲ್ಲ, ಮೇಲೆ ಹೇಳಿದ ರಾಸಾಯನಿಕ ಸಿಡಿತವೂ ಅದಕ್ಕಿಲ್ಲ. ಅದು ಮಂಗಳ ಬಿಟ್ಟು ಹೋಗಲು ಇರುವ ಮುಖ್ಯ ದಾರಿ ಸ್ಪಟರಿಂಗ್ ಒಂದೇ. ಹಗುರವಾದ ಆರ್ಗಾನ್-36 ಮೇಲ್ಪದರದಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ, ಭಾರದ ಆರ್ಗಾನ್-38 ಕೆಳಗೆ ಉಳಿಯುತ್ತದೆ. ಮೇಲಿಂದ ಕಳೆದುಹೋಗುತ್ತಾ ಬಂದರೆ ಭಾರದ್ದರ ಪಾಲು ಹೆಚ್ಚುತ್ತಾ ಬರಬೇಕು. ಮಂಗಳದಲ್ಲಿ ಹಾಗೇ ಆಗಿದೆ. ಮಂಗಳದ ಮೇಲೆ ಓಡಾಡುವ ನಾಸಾದ ಬಂಡಿ ಕ್ಯೂರಿಯಾಸಿಟಿ ನೆಲದಲ್ಲಿ ಅಳೆದದ್ದು, ಮಾವೆನ್ ಮೇಲೆ ಅಳೆದದ್ದು ಎರಡನ್ನೂ ಕೂಡಿಸಿ ನೋಡಿದಾಗ, ಮಂಗಳದ ವಾತಾವರಣದಲ್ಲಿ ಇದ್ದ ಆರ್ಗಾನಿನ ಸುಮಾರು 65 ಶೇಕಡಾ ಆಕಾಶಕ್ಕೆ ಹೋಗಿದೆ ಅಂತ 2017ರಲ್ಲಿ ಗೊತ್ತಾಯಿತು. ಸೌರಮಾರುತದ ಪರವಾಗಿ ಇಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಅಂದರೆ ನೀವು ಪಾಠ ಮಾಡಿದ್ದು ತಪ್ಪಲ್ಲ, ಅದು ಪೂರ್ತಿ ಕಥೆ ಅಲ್ಲ, ಅಷ್ಟೆ.

ಇಲ್ಲಿ ನಮ್ಮವರ ಕೆಲಸವನ್ನೂ ಹೇಳಲೇಬೇಕು. ಮಂಗಳಯಾನ ಅಂದ ಕೂಡಲೇ ನಮಗೆ ಕಡಿಮೆ ಖರ್ಚು, ಮೊದಲ ಯತ್ನದಲ್ಲೇ ಗೆಲುವು ಅನ್ನುವುದಷ್ಟೇ ನೆನಪಾಗುತ್ತದೆ. ಅದರ ವಿಜ್ಞಾನದ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ಅದರಲ್ಲಿ ಮೆಂಕಾ ಅನ್ನುವ ಉಪಕರಣ ಇತ್ತು, ತಿರುವನಂತಪುರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯದ್ದು. ಮಂಗಳದ ಹೊರಪದರದಲ್ಲಿ ನಿರೀಕ್ಷೆಗಿಂತ ಬಿಸಿಯಾದ ಆರ್ಗಾನ್ ಇರುವುದನ್ನು ಅದು ಕಂಡಿತು, 2017ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಅಲ್ಲಿನ ಜಲಜನಕ ಅಳೆಯಲು ಹೋದ ಲೈಮನ್ ಆಲ್ಫಾ ಫೋಟೋಮೀಟರ್ ತಯಾರಾದದ್ದು ಬೆಂಗಳೂರಿನಲ್ಲೇ. ನೌಕೆಯ ನಿಯಂತ್ರಣವೂ ಪೀಣ್ಯದ ಇಸ್ಟ್ರಾಕ್ ಕೇಂದ್ರದಿಂದಲೇ ನಡೆಯಿತು.

ಸೌರಮಾರುತ ನಿಂತುಹೋದರೆ ಏನಾಗುತ್ತದೆ ಅಂತ ಯಾರಾದರೂ ಮಗು ಕೇಳಬಹುದು. ಅದಕ್ಕೂ ಉತ್ತರ ಸಿಕ್ಕಿದೆ! 2022ರ ಡಿಸೆಂಬರ್ 26ರ ಹೊತ್ತಿಗೆ ಸೌರಮಾರುತದ ವೇಗದ ಭಾಗವೊಂದು ಮುಂದಿದ್ದ ನಿಧಾನದ ಭಾಗವನ್ನು ತಳ್ಳಿಕೊಂಡು ಹೋಯಿತು. ಹಿಂದೆ ಬಹುತೇಕ ಖಾಲಿ ಜಾಗ ಉಳಿಯಿತು. ಮಂಗಳದ ಬಳಿ ಸೌರಮಾರುತದ ಸಾಂದ್ರತೆ 100 ಪಟ್ಟು ಇಳಿಯಿತು. ಒತ್ತಡ ಇಳಿದದ್ದೇ ತಡ, ಮಂಗಳದ ಕಾಂತಗೋಳ ಮತ್ತು ಅಯಾನುಗೋಳ ಸಾವಿರಾರು ಕಿಲೋಮೀಟರ್ ಉಬ್ಬಿ, ಮೂರು ಪಟ್ಟಿಗಿಂತ ದೊಡ್ಡದಾದವು. ದಿನವೂ ಆ ಪದರಗಳು ಎಷ್ಟು ಒತ್ತಿಹಿಡಿದ ಸ್ಥಿತಿಯಲ್ಲಿವೆ ಅನ್ನುವುದು ಅವತ್ತು ಕಣ್ಣಿಗೆ ಬಿತ್ತು.

ಈಗ ಶುಕ್ರಕ್ಕೆ ಬರೋಣ, ಅವಳು ಕೇಳಿದ್ದು ಅದನ್ನೇ ಅಲ್ವಾ.

ಗುರುತ್ವದ ಮಾತು ಆಯಿತು. ಇನ್ನೊಂದು ವಿಚಿತ್ರ ಸಂಗತಿ ಇದೆ. ಶುಕ್ರ ಸೂರ್ಯನಿಗೆ ಹತ್ತಿರ, ನೆಲ ಸೀಸ ಕರಗುವಷ್ಟು ಬಿಸಿ, ಆದರೆ ಅದರ ಗಾಳಿಯ ತುತ್ತತುದಿ ಭೂಮಿಯದ್ದಕ್ಕಿಂತ ತಣ್ಣಗಿದೆ. ಕಾರಣ ಇಂಗಾಲದ ಡೈಆಕ್ಸೈಡ್. ಕೆಳಗೆ ಬಿಸಿಯನ್ನು ಹಿಡಿದಿಡುವ ಅದೇ ಅನಿಲ, ಮೇಲೆ ತೆಳುವಾದ ಪದರದಲ್ಲಿ ಬಿಸಿಯನ್ನು ಅತಿಗೆಂಪು ಕಿರಣವಾಗಿ ಹೊರಗೆ ಕಳಿಸಿ ತಣ್ಣಗಾಗುತ್ತದೆ. ಶುಕ್ರದ ಹಗಲಿನ ಭಾಗದಲ್ಲಿ ಆ ಪದರದ ತಾಪ ನಮ್ಮ ಕೋಣೆಯ ತಾಪದ ಆಸುಪಾಸು. ಭೂಮಿಯಲ್ಲಿ ಅದೇ ಎತ್ತರಕ್ಕೆ ಹೋದರೆ ಹಲವು ನೂರು ಡಿಗ್ರಿ. ತಣ್ಣಗಿದ್ದರೆ ಕಣಗಳ ಓಟ ಕಡಿಮೆ, ತಪ್ಪಿಸಿಕೊಳ್ಳುವುದೂ ಕಷ್ಟ.

ಮೂರನೆಯದು ಒಟ್ಟು ಆಸ್ತಿಯ ಲೆಕ್ಕ. ಶುಕ್ರದ ಗಾಳಿಯ ತೂಕ 4.8 ಗುಣಿಸು 10ರ 20ನೇ ಘಾತ ಕಿಲೋ. ಈಗ ಅದರಿಂದ ಸೆಕೆಂಡಿಗೆ ಅರ್ಧ ಕಿಲೋ ಹೋಗುತ್ತಿದೆ ಅಂದುಕೊಂಡು ಸೌರವ್ಯೂಹದ ಇಡೀ ಆಯಸ್ಸು, 450 ಕೋಟಿ ವರ್ಷಕ್ಕೆ ಲೆಕ್ಕ ಹಾಕಿದರೂ, ಕಳೆದುಹೋಗುವುದು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಅಷ್ಟು ಇಂಗಾಲದ ಡೈಆಕ್ಸೈಡ್ ಅಲ್ಲಿ ಯಾಕೆ ಗಾಳಿಯಲ್ಲೇ ಉಳಿಯಿತು? ಕಲ್ಲಿಗೆ ಸೇರಲು ನೀರು ಬೇಕಿತ್ತು, ಆ ನೀರು ಅಲ್ಲಿ ಉಳಿಯಲಿಲ್ಲ. ಭೂಮಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇಂಗಾಲ ಇದೆ, ಆದರೆ ಅದು ಸುಣ್ಣದ ಕಲ್ಲಿನಲ್ಲಿ ಕೂತಿದೆ. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಕೂಡ ಹಳೆಯ ಸಮುದ್ರದ ತಳದಲ್ಲಿ ಕೂಡಿಕೊಂಡ ಸುಣ್ಣದ ಕಲ್ಲೇ. ಆ ಹಾಸುಗಲ್ಲಿನ ಮೇಲೆ ನಡೆಯುವಾಗ ಒಂದು ಕಾಲದ ಗಾಳಿಯ ಮೇಲೇ ನಡೆಯುತ್ತಿದ್ದೇವೆ ಅಂತ ಮಕ್ಕಳಿಗೆ ಹೇಳಿ. ಮಂಗಳದಲ್ಲೂ ಸ್ವಲ್ಪ ಹೀಗಾಗಿದೆ. 2025ರಲ್ಲಿ ಕ್ಯೂರಿಯಾಸಿಟಿ ಗೇಲ್ ಕುಳಿಯ ಕಲ್ಲುಗಳಲ್ಲಿ ಸಿಡರೈಟ್ ಅನ್ನುವ ಕಬ್ಬಿಣದ ಕಾರ್ಬೊನೇಟ್ ಇರುವುದನ್ನು ತೋರಿಸಿತು. ಮಂಗಳದ ಗಾಳಿ ಎಲ್ಲವೂ ಮೇಲಕ್ಕೇ ಹೋಗಲಿಲ್ಲ, ಒಂದು ಪಾಲು ನೆಲಕ್ಕೂ ಇಳಿಯಿತು.

ಹಾಗಂತ ಸೌರಮಾರುತ ಶುಕ್ರಕ್ಕೆ ಏನೂ ಮಾಡಿಲ್ಲ ಅಂತಲ್ಲ. ಶುಕ್ರ ಕಳೆದುಕೊಂಡದ್ದು ನೀರನ್ನು. ಯುರೋಪಿನ ವೀನಸ್ ಎಕ್ಸ್‌ಪ್ರೆಸ್ ನೌಕೆ 2006ರಿಂದ 2014ರವರೆಗೆ ಅಲ್ಲಿ ಸುತ್ತಿತು. ಗ್ರಹದ ಹಿಂದಿನ ಬಾಲದಲ್ಲಿ ಹೊರಹೋಗುವ ಜಲಜನಕ ಮತ್ತು ಆಮ್ಲಜನಕದ ಅಯಾನುಗಳನ್ನು ಎಣಿಸಿದಾಗ ಅನುಪಾತ ಹೆಚ್ಚುಕಡಿಮೆ ಎರಡಕ್ಕೆ ಒಂದು ಬಂತು. ನೀರಿನಲ್ಲಿ ಇರುವುದೂ ಅದೇ ಅನುಪಾತ. ಶುಕ್ರದ ಜಲಜನಕದಲ್ಲಿ ಭಾರದ ಡ್ಯುಟೀರಿಯಂ ಪಾಲು ಭೂಮಿಗಿಂತ 100 ಪಟ್ಟಿಗೂ ಜಾಸ್ತಿ. ಆರ್ಗಾನ್ ವಿಷಯದಲ್ಲಿ ಹೇಳಿದ ತರ್ಕವೇ ಇಲ್ಲೂ. ಹಗುರವಾದದ್ದು ಹೋಗಿದೆ, ಭಾರದ್ದು ಉಳಿದಿದೆ. ಆಮ್ಲಜನಕಕ್ಕೆ ಶುಕ್ರದ ಗುರುತ್ವ ಮೀರುವ ವೇಗ ಕೊಡಬಲ್ಲದ್ದು ವಿದ್ಯುತ್ ಬಲ ಮಾತ್ರ, ಹಾಗಾಗಿ ಅಲ್ಲಿ ಸೌರಮಾರುತವೇ ಮುಖ್ಯ. ಅವಳಿಗೆ ಹೀಗೆ ಹೇಳಿ: ಶುಕ್ರದ ಗಾಳಿ ಉಳಿದಿದೆ, ನೀರು ಉಳಿದಿಲ್ಲ.

ಇನ್ನು ಭೂಮಿ. ನಮ್ಮ ಕಾಂತಗೋಳ ಸೌರಮಾರುತವನ್ನು ದೂರದಲ್ಲೇ ಪಕ್ಕಕ್ಕೆ ತಿರುಗಿಸಿ ಕಳಿಸುತ್ತದೆ, ನಿಜ. ಆದರೆ ಧ್ರುವಗಳ ಬಳಿ ಕಾಂತರೇಖೆಗಳು ಆಕಾಶಕ್ಕೆ ತೆರೆದಿರುತ್ತವೆ. ಅಲ್ಲಿ ಎಲೆಕ್ಟ್ರಾನುಗಳು ಹಗುರ, ಮೇಲೆ ಏರಲು ನೋಡುತ್ತವೆ. ಅಯಾನುಗಳು ಭಾರ, ಕೆಳಗೇ ಉಳಿಯುತ್ತವೆ. ಇಬ್ಬರ ನಡುವಿನ ಈ ಎಳೆದಾಟದಿಂದ ಒಂದು ಸಣ್ಣ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. 2022ರ ಮೇ ತಿಂಗಳಲ್ಲಿ ನಾರ್ವೆಯ ಸ್ವಾಲ್ಬಾರ್ಡ್‌ನಿಂದ ಹಾರಿಸಿದ ಎಂಡ್ಯೂರೆನ್ಸ್ ರಾಕೆಟ್ ಅದನ್ನು ಅಳೆದಾಗ ಸಿಕ್ಕಿದ್ದು ಬರೀ 0.55 ವೋಲ್ಟ್. ಕೈಗಡಿಯಾರದ ಬ್ಯಾಟರಿಯದ್ದು ಅದಕ್ಕಿಂತ ಜಾಸ್ತಿ. ಅಷ್ಟೇ ಸಾಕು, ಜಲಜನಕದ ಅಯಾನುಗಳು ಶಬ್ದಕ್ಕಿಂತ ವೇಗವಾಗಿ ಹೊರಗೆ ಹರಿಯುತ್ತವೆ. ಆಮ್ಲಜನಕವೂ ಎತ್ತರಕ್ಕೆ ಏರುತ್ತದೆ, ಅಲ್ಲಿಂದ ಮುಂದೆ ಸೌರಮಾರುತದ ಶಕ್ತಿ ಅದನ್ನು ತಳ್ಳುತ್ತದೆ.

ಕಾಂತಗೋಳ ದೊಡ್ಡದಾದಷ್ಟೂ ಅದಕ್ಕೆ ತಾಗುವ ಸೌರಮಾರುತವೂ ಜಾಸ್ತಿ. ಆ ಶಕ್ತಿಯ ಒಂದು ಪಾಲು ಕಾಂತರೇಖೆಗಳ ಜೊತೆ ಧ್ರುವಗಳಿಗೆ ಇಳಿಯುತ್ತದೆ. ಯುರೋಪಿನ ಸಂಶೋಧಕರ ಒಂದು ಗುಂಪು 2018ರಲ್ಲಿ ಇದನ್ನೆಲ್ಲ ಕೂಡಿಸಿ, ಕಾಂತಕ್ಷೇತ್ರ ವಾತಾವರಣವನ್ನು ಕಾಪಾಡುತ್ತದೆ ಅನ್ನುವುದೇ ಸರಿಯಲ್ಲ ಅಂತ ವಾದಿಸಿತು. ಮೂರೂ ಗ್ರಹಗಳಿಂದ ಇವತ್ತು ಹೋಗುವ ಗಾಳಿ ಸೆಕೆಂಡಿಗೆ ಸುಮಾರು ಅರ್ಧದಿಂದ ಎರಡು ಮೂರು ಕಿಲೋ ಒಳಗೇ ಇದೆ, ಅದೇ ಅವರ ವಾದದ ತಳಹದಿ. ಹೋದ ಅಯಾನುಗಳಲ್ಲಿ ಎಷ್ಟೋ ಕಾಂತಗೋಳದಲ್ಲೇ ಸಿಕ್ಕಿಹಾಕಿಕೊಂಡು ವಾಪಸ್ ಬರುತ್ತವೆ ಅಂತ ಬೇರೆಯವರು ಹೇಳುತ್ತಾರೆ. ವಾದ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹರೆಯದ ಸೂರ್ಯನ ಕಾಲದಲ್ಲಿ ಕಾಂತಕ್ಷೇತ್ರ ಸ್ಪಟರಿಂಗ್ ತಡೆದು ಉಪಕಾರ ಮಾಡಿರಬಹುದು. ಇವತ್ತಿನ ಸೂರ್ಯನ ಎದುರು ನಮ್ಮ ಗಾಳಿಯನ್ನು ಹಿಡಿದಿರುವುದು ಮುಖ್ಯವಾಗಿ ಗುರುತ್ವವೇ. ಸೆಕೆಂಡಿಗೆ 3 ಕಿಲೋ ಹೋದರೂ 100 ಕೋಟಿ ವರ್ಷದಲ್ಲಿ ಹೋಗುವುದು ಒಟ್ಟು ಗಾಳಿಯ 2 ಶೇಕಡಾದಷ್ಟು. ಭಯಪಡುವಂಥದ್ದು ಏನಿಲ್ಲ.

ಭೂಮಿಯ ಮಟ್ಟಿಗೆ ಸೌರಮಾರುತ ನಮಗೆ ತಾಗುವುದು ಬೇರೆ ರೀತಿಯಲ್ಲಿ. ಸೌರ ಸಿಡಿತ ಬಂದಾಗ ಧ್ರುವಗಳ ಬಳಿ ಹರಿಯುವ ವಿದ್ಯುತ್ ಮೇಲ್ಪದರದ ಗಾಳಿಯನ್ನು ಕಾಯಿಸುತ್ತದೆ, ಅದು ಉಬ್ಬುತ್ತದೆ. 2022ರ ಫೆಬ್ರವರಿ 3ರಂದು ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳು ಮೊದಲು ಸುಮಾರು 210 ಕಿಲೋಮೀಟರ್ ಎತ್ತರದಲ್ಲಿದ್ದವು. ಮರುದಿನ ಒಂದು ಸಾಧಾರಣ ಕಾಂತ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಕಲಕಾಟ, ಬಂತು. ಗಾಳಿಯ ತಡೆ 50 ಶೇಕಡಾದವರೆಗೆ ಹೆಚ್ಚಿತು, 40ರ ಹತ್ತಿರ ಉಪಗ್ರಹಗಳು ಬಿದ್ದು ಉರಿದುಹೋದವು. 2024ರ ಮೇ 10-11ರ ರಾತ್ರಿಯ ದೊಡ್ಡ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. 200 ಕಿಲೋಮೀಟರಿಗಿಂತ ಮೇಲಿನ ಆಮ್ಲಜನಕ ಬೀರುವ ಬೆಳಕು ಅದು. ಅಲ್ಲಿನ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ. ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಆದಿತ್ಯ-ಎಲ್1 ಇದೆ. 2024ರ ಜನವರಿ 6ರಂದು ಅಲ್ಲಿಗೆ ಸೇರಿದ ಅದು ಸೌರಮಾರುತ ನಮಗೆ ತಲುಪುವ ಮೊದಲೇ ಅದರ ಕಣಗಳನ್ನೂ ಕಾಂತಕ್ಷೇತ್ರವನ್ನೂ ಅಳೆಯುತ್ತದೆ. ಕರೋನಾ ನೋಡುವ ಅದರ ಮುಖ್ಯ ಉಪಕರಣವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ. ಸಾಧ್ಯವಾದರೆ ಮಕ್ಕಳಿಗೆ ಅದರ ಚಿತ್ರಗಳನ್ನು ತೋರಿಸಿ.

ಕೊನೆಗೆ ಕೃತಕ ಕಾಂತಕ್ಷೇತ್ರದ ಮಾತು. 2017ರಲ್ಲಿ ನಾಸಾದ ಜಿಮ್ ಗ್ರೀನ್ ಮತ್ತು ಜೊತೆಗಾರರು ಮಂಗಳ ಮತ್ತು ಸೂರ್ಯನ ನಡುವೆ ದೊಡ್ಡ ಕಾಂತ ಇಟ್ಟರೆ ಹೇಗೆ ಅನ್ನುವ ಯೋಚನೆ ಮುಂದಿಟ್ಟಿದ್ದರು. ಅದು ಸೌರಮಾರುತವನ್ನು ತಡೆಯಬಹುದು, ಆದರೆ ಬೆಳಕನ್ನು ತಡೆಯುವುದಿಲ್ಲ. ಅತಿನೇರಳೆ ಕಿರಣದಿಂದ ಆಗುವ ಆ ಆಮ್ಲಜನಕದ ಸಿಡಿತ ಮೊದಲಿನ ಹಾಗೇ ನಡೆಯುತ್ತದೆ. ಎಲ್ಲ ದಾರಿಗಳನ್ನೂ ಹೇಗೋ ಮುಚ್ಚಿ ಸೆಕೆಂಡಿಗೆ 3 ಕಿಲೋ ಉಳಿಸಿದೆವು, ಅಷ್ಟೂ ಗಾಳಿಗೇ ಸೇರಿತು ಅಂತ ಇಟ್ಟುಕೊಂಡರೂ, ಮಂಗಳದ ಈಗಿನ ಗಾಳಿ ಇಮ್ಮಡಿಯಾಗಲು 25 ಕೋಟಿ ವರ್ಷಕ್ಕಿಂತ ಜಾಸ್ತಿ ಬೇಕು. ಇಮ್ಮಡಿಯಾದರೂ ಅದು ನಮ್ಮ ಗಾಳಿಯೊತ್ತಡದ 100ರಲ್ಲಿ ಒಂದು ಪಾಲಿನ ಆಸುಪಾಸು. ಧ್ರುವದ ಮಂಜು ಮತ್ತು ಮಣ್ಣಿನಲ್ಲಿ ಸುಲಭವಾಗಿ ಸಿಗುವ ಇಂಗಾಲದ ಡೈಆಕ್ಸೈಡನ್ನೆಲ್ಲ ಬಿಡುಗಡೆ ಮಾಡಿದರೂ ಮಂಗಳವನ್ನು ಬೆಚ್ಚಗೆ ಮಾಡುವಷ್ಟು ಆಗುವುದಿಲ್ಲ ಅಂತ 2018ರ ಇನ್ನೊಂದು ಅಧ್ಯಯನ ತೋರಿಸಿದೆ. ಆದ್ದರಿಂದ ಆ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ತುಂಬಿಕೊಳ್ಳುವುದಿಲ್ಲ. 3 ಕಿಲೋ ಲೆಕ್ಕವನ್ನೂ ಮಕ್ಕಳಿಂದಲೇ ಹಾಕಿಸಿ. ಆ ಹುಡುಗಿಗೆ ಇನ್ನೇನಾದರೂ ಅನುಮಾನ ಬಂದರೆ ಬರೆದು ಕಳಿಸಲು ಹೇಳಿ, ಖಂಡಿತ ಉತ್ತರಿಸುತ್ತೇನೆ.